ಮುಂದಿನ ಸೀಟಿನ ದಟ್ಟ ಜಡೆಯವರಿಗೆ

ಲಿಂಗರಾಜಪುರ, ಕರಿಯಣ್ಣನಪಾಳ್ಯ, ಕಾಕ್ಸ್‌ಟೌನ್, ಕಮ್ಮನಹಳ್ಳಿ, ಹೆಣ್ಣೂರು ಕಡೆಯ ದಟ್ಟ ಕೂದಲಿನ ಅಕ್ಕತಂಗಿಯರೇ,

ನಿಮ್ಮಲ್ಲಿ ಹೆಚ್ಚಿನವರ ಮುಖ ನನಗೆ ಗೊತ್ತಿಲ್ಲ. ಬೆನ್ನು ಗೊತ್ತು. ಶಿವಾಜಿನಗರದಿಂದ ಹೆಣ್ಣೂರಿನ ಕಡೆ ಬರುವ ಬಸ್ಸಿನಲ್ಲಿ ಸುಮಾರು ಮೂವತ್ತು ವರ್ಷದಿಂದ ನಿಮ್ಮ ಹಿಂದಿನ ಸೀಟಿನಲ್ಲಿ ಕೂತು ಬಂದವಳು ನಾನು. ಯಾರ ಜಡೆ ಸೊಂಟ ದಾಟುತ್ತದೆ, ಯಾರ ತುರುಬು ಒಂದೂ ಪಿನ್ನಿಲ್ಲದೆ ನಿಲ್ಲುತ್ತದೆ, ಯಾರ ಗುಂಗುರು ಕೂದಲು ಮಳೆ ಬಂದ ದಿನ ಎರಡು ಪಟ್ಟಾಗುತ್ತದೆ ಎಲ್ಲ ಬಲ್ಲೆ. ನೀವು ಇಳಿದು ಹೋದ ಮೇಲೂ ಆ ಜಡೆಗಳು ನನ್ನ ಜೊತೆ ಮನೆಗೆ ಬಂದಿವೆ, ಕನ್ನಡಿಯ ಮುಂದೆ ನಿಂತಿವೆ.

ಕಳೆದ ಆಷಾಢದ ಒಂದು ಸಂಜೆ ಬಸ್ಸು ಲಿಂಗರಾಜಪುರದ ಮೇಲ್ಸೇತುವೆಯ ಏರು ಹತ್ತುತ್ತಿತ್ತು. ಕೆಳಗೆ ರೈಲು ಹಳಿ, ಹೊರಗೆ ಜಿಟಿಜಿಟಿ ಮಳೆ, ಕಿಟಕಿಗಳೆಲ್ಲ ಮುಚ್ಚಿ ಒಳಗೆ ಸೆಕೆ. ಮುಂದೆ ಕೂತಿದ್ದ ಹುಡುಗಿಗೆ ಇಪ್ಪತ್ತೋ ಇಪ್ಪತ್ತೆರಡೋ ಇರಬೇಕು. ಅವಳ ಜಡೆ ಸೀಟಿನ ಕಂಬಿಯ ಮೇಲಿಂದ ಜಾರಿ ನನ್ನ ಮಡಿಲಲ್ಲಿದ್ದ ಬ್ಯಾಗಿನ ಮೇಲೆ ಬಂದು ಬಿತ್ತು. ಬಿದ್ದ ಸದ್ದು ಕೇಳುವಂಥ ಜಡೆ. ತುದಿಯಲ್ಲಿ ಕಪ್ಪು ರಬ್ಬರ್ ಬ್ಯಾಂಡು; ಒಂದು ಸುತ್ತು ಹಾಕಿ, ಎರಡನೆಯದಕ್ಕೆ ಎಳೆಯಲಾರದೆ ಬಿಟ್ಟಂತಿತ್ತು. ನನ್ನ ಜಡೆಗೆ ಅಂಥದೇ ಬ್ಯಾಂಡು ಐದು ಸುತ್ತು ಬೇಕು. ಜಡೆಯ ಮೂರು ಕಾಲುಗಳೂ ಬುಡದಿಂದ ತುದಿಯವರೆಗೆ ಒಂದೇ ದಪ್ಪ, ಅಲ್ಲಲ್ಲಿ ಬಿಡಿಸಿಕೊಂಡ ಎಳೆಗಳು ಮಳೆಯ ತೇವಕ್ಕೆ ಸುರುಳಿಯಾಗಿ ಎದ್ದು ನಿಂತಿದ್ದವು. ನನ್ನ ಕೈ ತಾನಾಗಿಯೇ ಹೋಗಿ ಆ ಜಡೆಯನ್ನು ಮುಟ್ಟಿತು. ಬರೀ ಮುಟ್ಟಲಿಲ್ಲ, ಹೆಬ್ಬೆರಳು ತೋರುಬೆರಳು ಸೇರಿಸಿ ಅಳತೆ ನೋಡಿತು. ಬೆರಳುಗಳು ಕೂಡಲಿಲ್ಲ. ಹುಡುಗಿ ತಿರುಗಿದಳು. ತನ್ನ ಜಡೆಯಿಂದಲೇ ನನಗೆ ತೊಂದರೆಯಾಯಿತೆಂದುಕೊಂಡು "ಸಾರಿ ಆಂಟಿ" ಎಂದು ಜಡೆಯನ್ನು ಮುಂದಕ್ಕೆ ಎಳೆದುಕೊಂಡಳು. ಕ್ಷಮೆ ಕೇಳಬೇಕಾದವಳು ನಾನು. ಕೇಳಲಿಲ್ಲ. ಅದರ ಬದಲು ಮೂವತ್ತು ವರ್ಷದಿಂದ ಕೇಳುತ್ತ ಬಂದದ್ದನ್ನೇ ಕೇಳಿದೆ: "ಯಾವ ಎಣ್ಣೆ ಹಚ್ತೀಯಮ್ಮಾ?"

ಅಂದು ಕೇಳದೆ ಉಳಿದ ಕ್ಷಮೆಯನ್ನು ಈ ಪತ್ರದಲ್ಲಿ ಕೇಳುತ್ತಿದ್ದೇನೆ. ಅದರ ಜೊತೆಗೆ ನಿಮ್ಮಲ್ಲಿ ಒಂದು ಬೇಡಿಕೆಯೂ ಇದೆ. ಅದನ್ನು ಹೇಳುವ ಮೊದಲು ನನ್ನ ಹೊಟ್ಟೆಕಿಚ್ಚಿನ ಕಥೆ ಹೇಳಬೇಕು, ಇಲ್ಲದಿದ್ದರೆ ಬೇಡಿಕೆ ಅರ್ಥವಾಗದು.

ನಮ್ಮ ಮನೆಯಲ್ಲಿ 1987ರ ಒಂದು ಫೋಟೋ ಇದೆ. ನನಗೆ ಒಂಬತ್ತು ವರ್ಷ. ಸ್ಟುಡಿಯೋದಲ್ಲಿ ನಿಲ್ಲಿಸಿ, ಹಿಂದೆ ನಿಲುಗನ್ನಡಿ ಇಟ್ಟು, ಮುಖವೂ ಮೊಗ್ಗಿನ ಜಡೆಯೂ ಒಟ್ಟಿಗೆ ಕಾಣುವಂತೆ ತೆಗೆಸಿದ್ದು. ನಿಮ್ಮ ಮನೆಗಳಲ್ಲೂ ಇಂಥ ಒಂದು ಫೋಟೋ ಇದ್ದೀತು. ಅಮ್ಮ ಬೆಳಿಗ್ಗೆ ರಸೆಲ್ ಮಾರ್ಕೆಟ್ಟಿಗೆ ಹೋಗಿ ಮಲ್ಲಿಗೆ ಮೊಗ್ಗು ತಂದಿದ್ದಳು. ಅಜ್ಜಿ ಬಾಳೆಪಟ್ಟೆಯ ಮೇಲೆ ಮೊಗ್ಗುಗಳನ್ನು ಸಾಲಾಗಿ ಚುಚ್ಚಿ ಹೊಲಿದಳು. ಆದರೆ ಅದನ್ನು ಕಟ್ಟಲು ನನ್ನ ತಲೆಯಲ್ಲಿ ಜಡೆಯೇ ಇರಲಿಲ್ಲ. ಅಜ್ಜಿ ಒಳಗೆ ಹೋಗಿ ಬಾಗಿಲ ಹಿಂದಿನ ಮೊಳೆಯಿಂದ ಚೌರಿ ತಂದಳು. ಬಾಚಣಿಗೆಗೆ ಬಂದ ಕೂದಲನ್ನು ವರ್ಷಗಟ್ಟಲೆ ಸುತ್ತಿ ಸುತ್ತಿ ಗೋಡೆಯ ಗೂಡಿನಲ್ಲಿ ಕೂಡಿಸಿಟ್ಟು, ಸಿಕ್ಕು ಬಿಡಿಸಿ ಕಟ್ಟಿದ ಚೌರಿ ಅದು. ಅದರಲ್ಲಿ ಅಮ್ಮನ ಕೂದಲಿತ್ತು, ಅಜ್ಜಿಯದಿತ್ತು. ಅಲ್ಲೊಂದು ಇಲ್ಲೊಂದು ಬಿಳಿ ಎಳೆಯೂ ಇತ್ತು. ಫೋಟೋದ ಕನ್ನಡಿಯಲ್ಲಿ ಕಾಣುವ ತೊಡೆಯುದ್ದದ ಜಡೆ ಅದೇ. ನೋಡಿದವರೆಲ್ಲ "ಎಷ್ಟು ಚೆಂದ ಕೂದಲು" ಎಂದರು. ಅಂದು ಸಂಜೆ ಜಡೆ ಬಿಚ್ಚಿ, ಭಾರಕ್ಕೆ ನೋಯುತ್ತಿದ್ದ ನೆತ್ತಿಗೆ ಅಮ್ಮ ಎಣ್ಣೆ ತಟ್ಟುತ್ತಿದ್ದಾಗ ಚೌರಿ ಮತ್ತೆ ಮೊಳೆಗೆ ಹೋಯಿತು. ಮೊಳೆಯ ಕಡೆ ನೋಡುತ್ತ ಕೂತ ಆ ಗಳಿಗೆ ಇನ್ನೂ ನೆನಪಿದೆ.

ನಮ್ಮ ಭಾಷೆ ನಿಮ್ಮ ಕಡೆಯದು. ಜಡೆ, ಹೆರಳು, ತುರುಬು, ಮುಡಿ, ಸೂಡು, ಇವೆಲ್ಲ ಕೂದಲಿದ್ದವರ ಮಾತುಗಳು. ನಮ್ಮಂಥವರಿಗೆ ಕನ್ನಡ ಕೊಟ್ಟಿರುವುದು "ಇಲಿ ಬಾಲ" ಮಾತ್ರ. ಕೂದಲಿದ್ದವಳು ಹೇಗೆ ತುರುಬು ಕಟ್ಟಿದರೂ ಚೆಂದ ಎಂಬ ಗಾದೆಯನ್ನು ಜನ ದುಡ್ಡಿದ್ದವರ ಬಗ್ಗೆ ಆಡುತ್ತಾರೆ. ನನಗೆ ಮಾತ್ರ ಅದು ಯಾವತ್ತೂ ಕೂದಲಿನ ಮಾತಾಗಿಯೇ ಕೇಳಿಸಿದೆ. ನಮ್ಮ ಕಾವ್ಯದಲ್ಲಿ ದ್ರೌಪದಿಯ ಬಿಚ್ಚಿದ ಮುಡಿಗಾಗಿ ಭೀಮ ಪ್ರತಿಜ್ಞೆ ಮಾಡುತ್ತಾನೆ. ಸಾವಿರ ವರ್ಷದ ಹಿಂದೆ ರನ್ನ ಬರೆದದ್ದು ಆ ಪ್ರತಿಜ್ಞೆ ತೀರಿಸುವ ಕಥೆಯನ್ನೇ. ಅಕ್ಕಮಹಾದೇವಿಯ ಯಾವ ಚಿತ್ರ ನೋಡಿದರೂ ಉಟ್ಟ ಬಟ್ಟೆಯ ಬದಲು ಪಾದದವರೆಗೆ ಇಳಿದ ಕೂದಲು. ಎಲ್ಲವನ್ನೂ ಬಿಟ್ಟು ಹೊರಟವಳಿಗೂ ಚಿತ್ರಕಾರರು ಅಷ್ಟು ದಟ್ಟ ಕೂದಲನ್ನು ಉಳಿಸಿದ್ದಾರಲ್ಲ ಎಂದು ಎಂಟನೇ ಕ್ಲಾಸಿನಲ್ಲಿ ನಾನು ಅಂದುಕೊಂಡಿದ್ದೆ. ಮಕ್ಕಳಿಗೆ ಇಂಥವು ನಾಟುತ್ತವೆ.

ಆಮೇಲೆ ಹೆಣ್ಣು ನೋಡುವ ಶಾಸ್ತ್ರ. ಬಂದವರ ಕಡೆಯ ಹಿರಿಯ ಹೆಂಗಸು "ಸ್ವಲ್ಪ ಆ ಕಡೆ ತಿರುಗಮ್ಮ" ಎಂದರು. ತಿರುಗಿದೆ. ಬೆನ್ನ ಹಿಂದೆ ಯಾರೂ ಏನೂ ಹೇಳಲಿಲ್ಲ. ಅಷ್ಟೇ ಆದದ್ದು. ಆ ಸಂಬಂಧ ಬೇರೆ ಕಾರಣಕ್ಕೆ ಮುರಿದಿರಬಹುದು. ಆದರೆ ಆ ಕೋಣೆಯ ಮೌನವನ್ನು ನಾನು ನಿಮ್ಮ ಲೆಕ್ಕಕ್ಕೆ ಬರೆದುಕೊಂಡೆ. ನಿಮಗೆ ಇದ್ದದ್ದು ನನಗೆ ಇಲ್ಲ ಎಂಬುದಷ್ಟೇ ಆಗಿದ್ದರೆ ದುಃಖ ಎನ್ನಬಹುದಿತ್ತು. ನಿಮಗೆ ಗೊತ್ತಿರುವ ಏನನ್ನೋ ನನಗೆ ಹೇಳುತ್ತಿಲ್ಲ ಎಂದುಕೊಂಡೆ ನೋಡಿ, ಅಲ್ಲಿಂದ ಅದು ಹೊಟ್ಟೆಕಿಚ್ಚಾಯಿತು.

ಏಕೆಂದರೆ ನಾನು ಕೇಳುತ್ತಲೇ ಇದ್ದೆ. ಲಿಂಗರಾಜಪುರದ ನಮ್ಮ ಒಂದೇ ಬೀದಿಯಲ್ಲಿ ಐದು ಭಾಷೆಯ ಮನೆಗಳಿವೆ, ಐದೂ ಭಾಷೆಯಲ್ಲಿ ಕೇಳಿದ್ದೇನೆ. ಎದುರು ಮನೆಯ ತಮಿಳು ಕ್ರೈಸ್ತರ ಮೂವರು ಅಕ್ಕತಂಗಿಯರು ಭಾನುವಾರ ಪೂಜೆಗೆ ಹೊರಟರೆ ಬೀದಿಯೇ ತಿರುಗಿ ನೋಡುತ್ತಿತ್ತು. ಕೇಳಿದರೆ "ಒಣ್ಣುಮಿಲ್ಲೆಕ್ಕಾ" ಎಂದರು. ಮಹಡಿಯ ಮೇಲಿದ್ದ ಮಲಯಾಳಿ ನರ್ಸ್ ಒದ್ದೆ ಕೂದಲು ಹರಡಿಕೊಂಡು ಬಟ್ಟೆ ಒಣಹಾಕುತ್ತ "ಒನ್ನುಮಿಲ್ಲ ಚೇಚಿ" ಎಂದಳು. ದರ್ಜಿ ಮನೆಯ ಸೊಸೆ ದುಪಟ್ಟಾ ಸರಿಸಿ ನಕ್ಕು "ಕುಚ್ ಭೀ ನೈ ಆಪಾ" ಎಂದಳು. ತೆಲುಗಿನವರು "ಏಮೀ ಲೇದಕ್ಕಾ" ಎಂದರು. ನನ್ನ ಸ್ವಂತ ಚಿಕ್ಕಮ್ಮನ ಮಗಳು, ಅದೇ ಅಜ್ಜಿಯ ಮೊಮ್ಮಗಳು, "ಏನೂ ಇಲ್ಲ ಕಣೇ, ಹಂಗೇ ಇದೆ" ಎಂದಳು. ಏನೂ ಇಲ್ಲ, ಏನೂ ಇಲ್ಲ. ಒಬ್ಬರನ್ನೂ ನಾನು ನಂಬಲಿಲ್ಲ. ಗುಟ್ಟು ಬಿಟ್ಟುಕೊಡುವುದಿಲ್ಲ ಇವರು, ಎಂದುಕೊಂಡೆ.

ನಿಮ್ಮಲ್ಲಿ ಕೆಲವರಿಗೆ ನನ್ನ ಮೇಲೆ ಕನಿಕರ ಹುಟ್ಟಿತು. ಬರಿಗೈಯಲ್ಲಿ ಕಳಿಸಬಾರದು ಎಂಬ ಒಳ್ಳೆಯ ಮನಸ್ಸಿನಿಂದ ಬಾಯಿಗೆ ಬಂದ ಒಂದು ಎಣ್ಣೆಯ ಹೆಸರು ಹೇಳಿದಿರಿ. ನಾನು ಆ ಎಣ್ಣೆ ತಂದೆ. ಮತ್ತಿ ಸೊಪ್ಪು ಕಿವುಚಿದೆ, ದಾಸವಾಳದ ಎಲೆಯ ಲೋಳೆ ಬಳಿದೆ, ಮೆಂತ್ಯ ನೆನೆಸಿ ಅರೆದೆ, ಈರುಳ್ಳಿ ರಸ ಹಿಂಡಿ ಗಂಡ ಮಕ್ಕಳು ಮೂಗು ಮುಚ್ಚಿಕೊಳ್ಳುವಂತೆ ಮಾಡಿದೆ. ಗರುಗದ ಸೊಪ್ಪು ಹುಡುಕಿಕೊಂಡು ಹೆಣ್ಣೂರು ಕೆರೆಯ ಕಡೆಗೂ ಹೋದೆ. ನೀರಿನ ದೋಷ ಎಂದು ಬೋರ್‌ವೆಲ್ ಬಿಟ್ಟು ಕ್ಯಾನ್ ನೀರಿನಲ್ಲಿ ತಲೆ ತೊಳೆದ ತಿಂಗಳುಗಳೂ ಇವೆ. ಯಾವುದೂ ಹತ್ತಲಿಲ್ಲವೆಂದರೆ ತಪ್ಪು ಎಣ್ಣೆಯದಲ್ಲ, ನನ್ನದು: ನಾನು ಸರಿಯಾಗಿ ತಿಕ್ಕಲಿಲ್ಲ, ನಿಯಮ ತಪ್ಪಿದೆ, ಯೋಚನೆ ಜಾಸ್ತಿ ಮಾಡಿದೆ. ಕೂದಲು ತೆಳ್ಳಗಿರುವುದಕ್ಕಿಂತ, ಅದು ನನ್ನ ಸೋಮಾರಿತನಕ್ಕೆ ಸಿಕ್ಕ ಶಿಕ್ಷೆ ಎಂದುಕೊಂಡು ಬದುಕಿದ್ದು ಹೆಚ್ಚು ನೋಯಿಸಿತು.

ಕಣ್ಣು ತೆರೆಯತೊಡಗಿದ್ದು 2021ರಲ್ಲಿ. ಕೊರೊನಾದ ಎರಡನೇ ಅಲೆಯಲ್ಲಿ ಜ್ವರ ಬಂದು ಹೋಗಿ ಮೂರು ತಿಂಗಳಿಗೆ, ಇದ್ದಬದ್ದ ಕೂದಲೂ ಹಿಡಿ ಹಿಡಿಯಾಗಿ ಬರತೊಡಗಿತು. ಬೈತಲೆ ಒಂದು ಗೆರೆಯಾಗಿದ್ದದ್ದು ದಾರಿಯಾಯಿತು. ಚರ್ಮದ ವೈದ್ಯೆಯೊಬ್ಬರ ಬಳಿ ಹೋದೆ. ಅವರು ನನ್ನ ಕಿವಿಯ ಮೇಲಿನ ಐವತ್ತು ಅರವತ್ತು ಎಳೆಗಳನ್ನು ಎರಡು ಬೆರಳ ನಡುವೆ ಹಿಡಿದು ಬುಡದಿಂದ ತುದಿಯವರೆಗೆ ಮೆಲ್ಲಗೆ ಎಳೆದರು. ಕೈಗೆ ಬಂದ ಎಳೆಗಳನ್ನು ಬಿಳಿ ಕಾಗದದ ಮೇಲೆ ಇಟ್ಟು ಎಣಿಸಿದರು. ಪ್ರತಿ ಎಳೆಯ ಬುಡಕ್ಕೂ ಗಸಗಸೆಗಿಂತ ಸಣ್ಣ ಬಿಳಿ ಗುಂಡು. ವಿಶ್ರಾಂತಿಗೆ ಇಳಿದ ಕೂದಲಿನ ಗುರುತಂತೆ ಅದು. ಮೈಗೆ ದೊಡ್ಡ ಪೆಟ್ಟು ಬಿದ್ದಾಗ, ಜ್ವರವೋ ಬಾಣಂತನವೋ ಶಸ್ತ್ರಚಿಕಿತ್ಸೆಯೋ, ಬೆಳೆಯುತ್ತಿದ್ದ ಕೂದಲುಗಳು ಒಟ್ಟಿಗೆ ಬೆಳೆಯುವುದನ್ನು ನಿಲ್ಲಿಸುತ್ತವೆ, ಎರಡು ಮೂರು ತಿಂಗಳಾದ ಮೇಲೆ ಒಟ್ಟಿಗೆ ಉದುರುತ್ತವೆ, ಮತ್ತೆ ಬರುತ್ತವೆ ಎಂದರು. ಕಬ್ಬಿಣಾಂಶ, ಥೈರಾಯ್ಡ್ ನೋಡೋಣ ಎಂದು ರಕ್ತಪರೀಕ್ಷೆಗೆ ಬರೆದುಕೊಟ್ಟರು. ನನ್ನ ಕಬ್ಬಿಣಾಂಶ ತಳ ಮುಟ್ಟಿತ್ತು. ಅಷ್ಟೆಲ್ಲ ಎಣ್ಣೆ ಕೊಂಡ ವರ್ಷಗಳಲ್ಲಿ ಆ ರಕ್ತಪರೀಕ್ಷೆಯನ್ನು ಮಾಡಿಸು ಎಂದು ಒಬ್ಬರೂ ಹೇಳಿರಲಿಲ್ಲ, ನನಗೂ ಹೊಳೆದಿರಲಿಲ್ಲ.

ಆ ದಿನ ಅವರು ಹೇಳಿದ ಇನ್ನೊಂದು ಮಾತಿಗಾಗಿಯೇ ಈ ಪತ್ರ ಬರೆಯುತ್ತಿರುವುದು. ಮನುಷ್ಯರ ತಲೆಯಲ್ಲಿ ಸುಮಾರು 1 ಲಕ್ಷ ಕೂದಲಿನ ಬುಡಗಳಿರುತ್ತವೆ. ಅವೆಲ್ಲವೂ ತಾಯಿಯ ಹೊಟ್ಟೆಯಲ್ಲಿ ಐದನೇ ತಿಂಗಳ ಹೊತ್ತಿಗೇ ಮೂಡಿ ಮುಗಿದಿರುತ್ತವೆ. ಹುಟ್ಟಿದ ಮೇಲೆ ಹೊಸ ಬುಡ ಹುಟ್ಟುವುದಿಲ್ಲ. ಎಳೆ ದಪ್ಪವೋ ಸಪೂರವೋ, ಒಂದು ಎಳೆ ಉದುರುವ ಮೊದಲು ಎರಡು ವರ್ಷ ಬೆಳೆಯುತ್ತದೋ ಆರು ವರ್ಷವೋ, ಅದೂ ಬಹುಪಾಲು ಮನೆತನದಿಂದ ಬಂದದ್ದು. ಕೂದಲು ತಿಂಗಳಿಗೆ ಬೆಳೆಯುವುದು ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚು; ಎರಡು ವರ್ಷಕ್ಕೇ ಉದುರುವವಳ ಜಡೆ ಭುಜ ದಾಟಿ ಎಷ್ಟು ದೂರ ಹೋದೀತು? ಬುಡದ ಗುಳಿ ದುಂಡಗೆ ನೆಟ್ಟಗಿದ್ದರೆ ನೇರ ಕೂದಲು, ಚಪ್ಪಟೆಯಾಗಿ ಬಾಗಿದ್ದರೆ ಗುಂಗುರು. ನಿಮ್ಮ ಜಡೆ ನಡೆಯುವಾಗ ಪುಟಿಯುತ್ತದಲ್ಲ, ಆ ಪುಟಿತ ಕೂಡ ಚರ್ಮದೊಳಗಿನ ಆ ಗುಳಿಯ ಬಾಗುವಿಕೆಯಿಂದ ಬಂದದ್ದು.

ಅಂದರೆ ನೀವು ಹೇಳಿದ್ದು ನಿಜ. ಒಣ್ಣುಮಿಲ್ಲೆ. ಒನ್ನುಮಿಲ್ಲ. ಏನೂ ಇಲ್ಲ. ಐದು ಭಾಷೆಯಲ್ಲಿ ನೀವು ಒಂದೇ ಸತ್ಯ ಹೇಳಿದಿರಿ, ನಾನು ಐದೂ ಭಾಷೆಯಲ್ಲಿ ಅನುಮಾನಿಸಿದೆ.

ಎಣ್ಣೆಯೆಲ್ಲ ಸುಳ್ಳು ಎಂದು ನಾನು ಹೇಳುತ್ತಿಲ್ಲ. ಕೊಬ್ಬರಿ ಎಣ್ಣೆ ಎಳೆಯೊಳಗೆ ಇಳಿದು, ತೊಳೆಯುವಾಗ ಕೂದಲಿನ ಪ್ರೋಟೀನ್ ನಷ್ಟವಾಗುವುದನ್ನು ಕಡಿಮೆ ಮಾಡುತ್ತದೆ. ಇರುವ ಕೂದಲನ್ನು ಅದು ಕಾಯುತ್ತದೆ. ಅಮ್ಮನ ಕೈ ನೆತ್ತಿಯ ಮೇಲೆ ಆಡಿದ ಸುಖಕ್ಕಂತೂ ಲೆಕ್ಕವಿಲ್ಲ. ಆದರೆ ಇಲ್ಲದ ಬುಡವನ್ನು ಅದು ನೆಡಲಾರದು. ಬುಡ ಸೊರಗುತ್ತಿದ್ದರೆ ಅದಕ್ಕೆ ಪುರಾವೆಯಿರುವ ಔಷಧಿಗಳು ಕೆಲವೇ ಇವೆ. ಮಿನಾಕ್ಸಿಡಿಲ್ ಅವುಗಳಲ್ಲೊಂದು, ರಕ್ತದೊತ್ತಡಕ್ಕೆಂದು ಬಂದ ಔಷಧಿ ಕೂದಲಿಗೂ ಒದಗಿತು. ಹಚ್ಚುವುದನ್ನು ನಿಲ್ಲಿಸಿದರೆ ಅದರಿಂದ ಬಂದದ್ದು ಹೋಗುತ್ತದೆ. ಅದನ್ನೂ ವೈದ್ಯರೇ ಹೇಳಬೇಕು, ಬಸ್ಸಿನಲ್ಲಿ ಅಲ್ಲ.

ಯಾವ ಎಣ್ಣೆ ಎಂಬ ನನ್ನ ಪ್ರಶ್ನೆಗೆ ನಮ್ಮ ರಾಜ್ಯದಲ್ಲೇ ದೇಶವೆಲ್ಲ ಕಿವಿಗೊಟ್ಟ ಉತ್ತರವೊಂದು ಹೊರಟಿತು. ಮೈಸೂರು ಜಿಲ್ಲೆಯ ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರ ಹಕ್ಕಿಪಿಕ್ಕಿ ಜನರ ಊರು. ಮನೆಯಲ್ಲಿ ವಾಗ್ರಿ ಮಾತಾಡುವ, ಒಂದು ಕಾಲಕ್ಕೆ ಕಾಡಿನಲ್ಲಿ ಹಕ್ಕಿ ಹಿಡಿಯುತ್ತಿದ್ದ ಜನ. 1972ರ ವನ್ಯಜೀವಿ ಕಾಯಿದೆ ಬಂದ ಮೇಲೆ ಬೇಟೆ ನಿಂತು ಮಣಿಸರ, ಗಿಡಮೂಲಿಕೆ, ಎಣ್ಣೆ ಮಾರಾಟಕ್ಕೆ ಇಳಿದರು. ಆಫ್ರಿಕಾದವರೆಗೆ ಹೋಗಿ ಮಾರಿದರು. 2023ರ ಏಪ್ರಿಲ್‌ನಲ್ಲಿ ಸುಡಾನಿನಲ್ಲಿ ಯುದ್ಧ ಹೊತ್ತಿಕೊಂಡಾಗ ಅಲ್ಲಿ ಸಿಕ್ಕಿಬಿದ್ದವರಲ್ಲಿ ಅವರೂ ಇದ್ದರು, ಆಪರೇಷನ್ ಕಾವೇರಿಯಲ್ಲಿ ಸರ್ಕಾರ ಕರೆತಂದಿತು. ಅವರ 'ಆದಿವಾಸಿ ಹೇರ್ ಆಯಿಲ್' ಮೊಬೈಲಿನಲ್ಲಿ ಹಬ್ಬಿ, ಮುಂಬೈಯ ಸಿನಿಮಾ ಮಂದಿಯೂ ಆ ಎಣ್ಣೆಯ ಹೆಸರು ಹೇಳುವಂತಾಯಿತು. ವಿಡಿಯೋಗಳಲ್ಲಿ ಅಲ್ಲಿಯ ಹೆಂಗಸರು, ಗಂಡಸರು ಕೂಡ, ಮೊಣಕಾಲಿಗೆ ಮುಟ್ಟುವ ಕೂದಲು ಬಿಚ್ಚಿ ನಿಲ್ಲುತ್ತಾರೆ. ನಾನು ರಾತ್ರಿಯೆಲ್ಲ ಆ ವಿಡಿಯೋ ನೋಡಿದ್ದೇನೆ. ಬೇಟೆ ಕಳೆದುಕೊಂಡ ಸಮುದಾಯವೊಂದು ತನ್ನ ತಲೆಗೂದಲನ್ನೇ ಬೋರ್ಡಾಗಿ ಹಿಡಿದು ದುಡಿದು ಮನೆ ಕಟ್ಟಿಕೊಂಡದ್ದು ನನಗೆ ಗೌರವದ ವಿಷಯ. ಆದರೆ ನಾವು ಕೊಳ್ಳುವುದು ಬಾಟಲಿ, ಆಸೆಪಡುವುದು ಆ ತಲೆ. ಅವರ ಕೂದಲು ಅವರಿಗೆ ಬಂದದ್ದೂ ಅಜ್ಜ ಅಜ್ಜಿಯರಿಂದ ಇರಬೇಕು ಎಂದು ಯೋಚಿಸಲು ನನಗೆ ಎಷ್ಟೋ ರಾತ್ರಿ ಬೇಕಾಯಿತು.

ನಿಮ್ಮಲ್ಲಿ ಗುಂಗುರು ಕೂದಲಿನವರಿಗೆ ಬೇರೆಯಾಗಿ ನಾಲ್ಕು ಮಾತು ಹೇಳಬೇಕು. ನಮ್ಮ ಗೋಡೆಯ ಆಚೆ ಒಂದು ಹುಡುಗಿ ಇದ್ದಾಳೆ, ಪಿಯುಸಿ. ಬಾಚಣಿಗೆ ಇಟ್ಟರೆ ಬೀಳದೆ ನಿಲ್ಲುವಷ್ಟು ದಟ್ಟ ಸುರುಳಿ. ಚಿಕ್ಕವಳಿದ್ದಾಗ ಶಾಲೆಯ ಮೈದಾನದಲ್ಲಿ ನೂರು ಮಕ್ಕಳ ನಡುವೆ ಅವಳ ತಲೆಯನ್ನು ಗೇಟಿನಿಂದಲೇ ಗುರುತಿಸಬಹುದಿತ್ತು. ದಿನಾ ಬೆಳಿಗ್ಗೆ ಏಳು ಗಂಟೆಗೆ ಗೋಡೆಯಾಚೆಯಿಂದ ಸುಟ್ಟ ಕೂದಲಿನ ವಾಸನೆ ಬರುತ್ತದೆ. 200 ಡಿಗ್ರಿ ಕಾಯುವ ಇಸ್ತ್ರಿಪಟ್ಟಿಯ ನಡುವೆ ಅವಳು ಒಂದೊಂದೇ ಸುರುಳಿಯನ್ನು ಒತ್ತಿ ನೇರ ಮಾಡುತ್ತಾಳೆ. ಯಾಕಮ್ಮ ಎಂದು ಒಮ್ಮೆ ಕೇಳಿದೆ. "ಎಲ್ಲರೂ ಕಾಗೆಗೂಡು ಅಂತಾರೆ ಆಂಟಿ" ಎಂದಳು. ಶಾಲೆಯಲ್ಲಿ ಎಣ್ಣೆ ಜಡಿದು ಎರಡು ಜಡೆ ಹಾಕಿ ರಿಬ್ಬನ್ ಕಟ್ಟಿದರೂ ಮಧ್ಯಾಹ್ನದ ಹೊತ್ತಿಗೆ ಹಣೆಯ ಸುತ್ತ ಎದ್ದು ನಿಲ್ಲುತ್ತಿತ್ತಂತೆ, ಶಿಸ್ತಿಲ್ಲದವಳು ಎಂದು ಸಾಲಿನಿಂದ ಹೊರಗೆ ನಿಲ್ಲಿಸುತ್ತಿದ್ದರಂತೆ.

ಗೋಡೆಯ ಈಚೆ ನಾನು, ಆಚೆ ಅವಳು. ನಾನು ಯಾವುದನ್ನು ಕನಸಿನಲ್ಲಿ ಕಂಡೆನೋ ಅದನ್ನು ಅವಳು ಬೆಳಿಗ್ಗೆ ಎದ್ದು ಸುಡುತ್ತಿದ್ದಳು. ನನಗೆ ಬಂದದ್ದು ಸಿಟ್ಟು. ಅವಳ ಮೇಲಲ್ಲ, ಅವಳ ಕೂದಲನ್ನು ಕಾಗೆಗೂಡು ಎಂದವರ ಮೇಲೆ, ಎಣ್ಣೆ ಹಾಕಿ ಬಿಗಿದರೆ ಮಾತ್ರ ಶಿಸ್ತು ಎಂದವರ ಮೇಲೆ. ನನಗೆ ಇಲಿ ಬಾಲ ಎಂದ ಬಾಯಿ, ಅವಳಿಗೆ ಕಾಗೆಗೂಡು ಎಂದ ಬಾಯಿ ಒಂದೇ. ಹೆಣ್ಣಿನ ತಲೆಯನ್ನು ನೋಡಿದ ಕೂಡಲೇ ಅದಕ್ಕೊಂದು ಹೆಸರಿಡಬೇಕು ಎಂದುಕೊಂಡ ಬಾಯಿ ಅದು.

ಆಫ್ರಿಕಾದಿಂದ ಓದಲು ಬಂದು ನಮ್ಮ ಕಡೆ, ಕಮ್ಮನಹಳ್ಳಿಯ ಕಡೆ ಮನೆ ಮಾಡಿರುವ ಹುಡುಗಿಯರೇ, ನಿಮಗೆ ಈ ಪತ್ರ ಓದಲು ಬಾರದಿರಬಹುದು, ಯಾರಾದರೂ ಓದಿ ಹೇಳಲಿ. ಭಾನುವಾರ ಮಧ್ಯಾಹ್ನ ಮೆಟ್ಟಿಲ ಮೇಲೆ ನಿಮ್ಮಲ್ಲೊಬ್ಬಳು ಕೂತಿರುತ್ತಾಳೆ, ಹಿಂದೆ ಇಬ್ಬರು ಗೆಳತಿಯರು ನಿಂತು ಸಣ್ಣ ಸಣ್ಣ ಜಡೆ ಹೆಣೆಯುತ್ತಿರುತ್ತಾರೆ. ಊಟ ಮುಗಿಸಿ ನಾನು ಮಲಗಿ ಎದ್ದು ಕಾಫಿ ಕುಡಿದು ಹೊರಗೆ ಬಂದರೂ ಅರ್ಧ ತಲೆ ಬಾಕಿ ಇರುತ್ತದೆ. ಅಷ್ಟು ಹೊತ್ತು ಗೆಳತಿಯ ಮೊಣಕಾಲಿಗೆ ತಲೆ ಆನಿಸಿ ಕೂರುವ ಆ ಹುಡುಗಿಯನ್ನು ನೋಡಿದಾಗ ನನಗೆ ಮೊಗ್ಗು ಚುಚ್ಚುತ್ತಿದ್ದ ಅಜ್ಜಿ ನೆನಪಾಗುತ್ತಾಳೆ. ಬಸ್ಸಿನಲ್ಲಿ ಅಂಗಡಿಯಲ್ಲಿ ನಮ್ಮ ಜನ ಕೇಳದೆ ನಿಮ್ಮ ಜಡೆ ಮುಟ್ಟಿ ನೋಡುತ್ತಾರೆ, ಅಸಲಿಯೋ ನಕಲಿಯೋ ಎಂದು ಎಳೆದು ನೋಡಿದವರನ್ನೂ ಕಂಡಿದ್ದೇನೆ. ನಾನೂ ಮುಟ್ಟಿದವಳೇ, ಬೇರೆ ತಲೆಯನ್ನು. ಇನ್ನೊಬ್ಬರ ತಲೆ ಸಾರ್ವಜನಿಕ ಜಾಗವಲ್ಲ ಎಂಬುದನ್ನು ನನ್ನ ವಯಸ್ಸಿನವರು ಈಗಲಾದರೂ ಕಲಿಯಬೇಕು.

ಬಾಗಿಲ ಹಿಂದಿನ ಆ ಚೌರಿಯ ವಿಷಯ ಪೂರ್ತಿ ಹೇಳಲಿಲ್ಲ. ಅಜ್ಜಿ ಹೋದ ಮೇಲೆ ಅಮ್ಮ ಕೂದಲು ಕೂಡಿಸುವುದನ್ನು ಬಿಡಲಿಲ್ಲ, ಆದರೆ ಚೌರಿ ಕಟ್ಟುವವರು ಇರಲಿಲ್ಲ. ಬೀದಿಯಲ್ಲಿ "ಕೂದ್ಲೂ... ಕೂದ್ಲಿದ್ರೆ ಕೊಡ್ರಮ್ಮಾ" ಎಂದು ಕೂಗುತ್ತ ಬರುವವನಿಗೆ ಕೊಟ್ಟು ಸ್ಟೀಲ್ ಡಬ್ಬಿ, ಪಿನ್ನು ತೆಗೆದುಕೊಳ್ಳತೊಡಗಿದಳು. ಈಗಲೂ ಕರಿಯಣ್ಣನಪಾಳ್ಯದ ಓಣಿಗಳಲ್ಲಿ ಆ ಕೂಗು ಕೇಳುತ್ತದೆ. ಇಂಥ ಓಣಿಗಳ ಕೂದಲು ಹೋಗಿ ಸೇರುವ ಊರುಗಳಲ್ಲಿ ಕೊಪ್ಪಳದ ಪಕ್ಕದ ಭಾಗ್ಯನಗರ ಹೆಸರುವಾಸಿ. ಅಲ್ಲಿ ಹೆಂಗಸರು ಸಿಕ್ಕು ಬಿಡಿಸಿ, ತೊಳೆದು, ಉದ್ದದ ಪ್ರಕಾರ ಬೇರೆ ಮಾಡಿ ಕಟ್ಟು ಕಟ್ಟುತ್ತಾರೆ. ಅದು ಹೊರದೇಶಕ್ಕೆ ಹೋಗಿ ವಿಗ್ ಆಗುತ್ತದೆ, ಜೋಡುಗೂದಲಾಗುತ್ತದೆ. ದೇವರಿಗೆ ಕೊಟ್ಟ ಮುಡಿಯ ಬೆಲೆ ಇನ್ನೂ ಹೆಚ್ಚು, ಎಳೆಗಳೆಲ್ಲ ಬುಡ ಒಂದು ಕಡೆ ತುದಿ ಒಂದು ಕಡೆ ಇರುತ್ತವೆ ಎಂದು. ತಿರುಪತಿಯ ಮುಡಿಯ ಹರಾಜಿನಿಂದ ಬರುವ ಹಣ ವರ್ಷಕ್ಕೆ ನೂರು ಕೋಟಿ ರೂಪಾಯಿ ದಾಟುತ್ತದೆ. 2004ರಲ್ಲಿ ಸಂಪ್ರದಾಯಸ್ಥ ಯಹೂದಿ ಧರ್ಮಗುರುಗಳು ಭಾರತದ ದೇವಸ್ಥಾನದ ಕೂದಲಿನ ವಿಗ್ ತೊಡಬಾರದು ಎಂದಾಗ ನ್ಯೂಯಾರ್ಕಿನ ಬ್ರೂಕ್ಲಿನ್ನಿನಲ್ಲಿ ಜನ ಅವನ್ನು ಬೀದಿಯಲ್ಲಿ ರಾಶಿ ಹಾಕಿ ಸುಟ್ಟರು. ನಮ್ಮ ಊರಿನಲ್ಲೇ, 2025ರ ಫೆಬ್ರವರಿ ಕೊನೆಗೆ, ಉತ್ತರ ಬೆಂಗಳೂರಿನ ಲಕ್ಷ್ಮೀಪುರ ಕ್ರಾಸಿನ ಗೋದಾಮೊಂದರಿಂದ ಕಳ್ಳರು ಸುಮಾರು 830 ಕಿಲೋ ಕೂದಲು ಹೊತ್ತೊಯ್ದರು. ಕದ್ದ ಮಾಲಿನ ಬೆಲೆ ಕೋಟಿಯ ಹತ್ತಿರ ಎಂದು ಪತ್ರಿಕೆಯಲ್ಲಿ ಓದಿ ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ಇಷ್ಟು ಜನ ಇಷ್ಟು ದೂರದವರೆಗೆ ಇನ್ನೊಬ್ಬರ ಕೂದಲನ್ನು ಬಯಸುತ್ತಾರೆ. ಹೊಟ್ಟೆಕಿಚ್ಚು ನನ್ನೊಬ್ಬಳದಲ್ಲ ಎಂಬುದು ಸಮಾಧಾನವಲ್ಲ, ಆದರೆ ನಾಚಿಕೆ ಸ್ವಲ್ಪ ಇಳಿಯಿತು.

ಇನ್ನು ಬೇಡಿಕೆ. ನಿಮ್ಮ ಜಡೆಯನ್ನು ಮುಚ್ಚಿಟ್ಟುಕೊಳ್ಳಿ ಎಂದು ಕೇಳುತ್ತಿಲ್ಲ. ಬಿಚ್ಚಿ ಬಿಡಿ, ಮಳೆಗೆ ಹಿಗ್ಗಲಿ, ಸೀಟಿನ ಕಂಬಿ ದಾಟಿ ಬೀಳಲಿ. ನೋಡುವುದು ನನಗೆ ಇಂದಿಗೂ ಸುಖವೇ. ಸುಡಬೇಡಿ, ಇಷ್ಟವಿದ್ದು ನೇರ ಮಾಡಿಕೊಂಡರೆ ಬೇರೆ ಮಾತು, ಯಾರದೋ ಬಾಯಿಗೆ ಹೆದರಿ ಬೇಡ. ಬಾಣಂತನವಾಗಿ ಮೂರು ನಾಲ್ಕು ತಿಂಗಳಿಗೆ ನಿಮ್ಮ ದಟ್ಟ ಕೂದಲೂ ಉದುರಿ ನೀವು ಬಚ್ಚಲಲ್ಲಿ ಅತ್ತ ದಿನ ಬಂದರೆ, ಅದನ್ನು ನಮ್ಮಿಂದ ಮರೆಮಾಚಬೇಡಿ. ಹೇಳಿ. ರಕ್ತ ಪರೀಕ್ಷೆ ಮಾಡಿಸಿಕೋ ಎಂದು ನಾವು ನಿಮಗೆ ಹೇಳುತ್ತೇವೆ, ನೀವು ನಮಗೆ ಹೇಳಿ. ಎಣ್ಣೆಯ ಹೆಸರಿಗಿಂತ ಆ ಒಂದು ಮಾತು ದೊಡ್ಡ ಉಪಕಾರ.

ಎಲ್ಲಕ್ಕಿಂತ ಮುಖ್ಯವಾದದ್ದು ಇದು. ನಮ್ಮ ಮೇಲಿನ ಕನಿಕರಕ್ಕೆ ಸುಳ್ಳು ಹೆಸರು ಹೇಳಬೇಡಿ. ನೀವು ಸುಮ್ಮನೆ ಹೇಳಿದ ಒಂದು ಎಣ್ಣೆ ನಮ್ಮ ಮನೆಯಲ್ಲಿ ಆರು ತಿಂಗಳ ಆಸೆಯಾಗುತ್ತದೆ, ಏಳನೇ ತಿಂಗಳು ನಮ್ಮ ತಪ್ಪಾಗುತ್ತದೆ. ಹದಿನಾಲ್ಕು ಹದಿನೈದರ ಹುಡುಗಿ ಕೇಳಿದರಂತೂ ಎರಡು ನಿಮಿಷ ನಿಂತು ಪೂರ್ತಿ ಹೇಳಿ: ಇದು ಅಮ್ಮನ ಕಡೆಯಿಂದ ಬಂತು, ನಾನು ಏನೂ ಮಾಡಿಲ್ಲ, ನೀನೂ ಏನೂ ತಪ್ಪು ಮಾಡಿಲ್ಲ.

ಮೇಲ್ಸೇತುವೆಯ ಮೇಲೆ ನಾನು ಜಡೆ ಮುಟ್ಟಿದ ಹುಡುಗಿ ಆ ದಿನ ಲಿಂಗರಾಜಪುರದ ಸ್ಟಾಪಿನಲ್ಲಿ ಇಳಿಯುವ ಮೊದಲು ನನ್ನ ಪ್ರಶ್ನೆಗೆ ಉತ್ತರ ಕೊಟ್ಟಿದ್ದಳು. "ಏನೂ ಇಲ್ಲ ಆಂಟಿ, ಹುಟ್ಟಿದಾಗಿನಿಂದ ಹಿಂಗೇ." ಮತ್ತೆ ಯಾವತ್ತಾದರೂ ಅದೇ ಬಸ್ಸಿನಲ್ಲಿ ಸಿಕ್ಕಿ, ಹಳೆಯ ಚಾಳಿಗೆ ನಾನು ಕೇಳಿಯೇಬಿಟ್ಟರೆ, ತಾಯೀ, ಅದೇ ಮಾತನ್ನು ಇನ್ನೊಮ್ಮೆ ಹೇಳು. ಈ ಸಲ ನಂಬುತ್ತೇನೆ.

ಇಂತಿ,
ನಿಮ್ಮ ಹಿಂದಿನ ಸೀಟಿನವಳು